ಸಾಹುಕಾರರ ವೈರುಗಳು

ಕೆಲಸ ಅಚ್ಚುಕಟ್ಟಾದಷ್ಟೂ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಇದನ್ನು ನನ್ನ ಹೆಂಡತಿ ಮದುವೆಯಾದ ಹೊಸದರಲ್ಲೇ ಹೇಳಿದ್ದಳು. ನನಗೆ ಅರ್ಥವಾದದ್ದು ಗಣಿ ಭರಾಟೆಯ ಕಾಲದಲ್ಲಿ, ಹೊಸಪೇಟೆಯ ಅದಿರು ಕಂಪನಿಯೊಂದರ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದಾಗ. ವಿಭಾಗವೆಂದರೆ ನಾನು ಮತ್ತು ಒಂದು ಎ.ಸಿ. ಇಬ್ಬರಲ್ಲಿ ಎ.ಸಿ.ಗೇ ಮರ್ಯಾದೆ ಹೆಚ್ಚು.

ನಮ್ಮ ಸಾಹುಕಾರ ವಿರುಪಣ್ಣನವರು ಲಾರಿಗಳ ತೂಕದ ಲೆಕ್ಕಕ್ಕೆಂದು ಸರ್ವರುಗಳ ಸಾಲನ್ನೂ, ಅವುಗಳ ಮಾಹಿತಿ ಕೂಡಿಡಲು ಬೀರುವಿನಷ್ಟು ದೊಡ್ಡ ಸ್ಟೋರೇಜ್ ಯಂತ್ರವನ್ನೂ ತರಿಸಿದ್ದರು. ಪ್ರತಿ ಸರ್ವರಿನಿಂದಲೂ ಕಿತ್ತಳೆ ಬಣ್ಣದ ವೈರುಗಳು ಹೊರಟು ಅವನ್ನು ಆ ಯಂತ್ರಕ್ಕೆ ಜೋಡಿಸುವ ನಡುವಿನ ದೊಡ್ಡ ಪೆಟ್ಟಿಗೆಗೆ, ಅಂದರೆ ಸ್ವಿಚ್ಚಿಗೆ, ಸೇರುತ್ತಿದ್ದವು. ಸರ್ವರುಗಳು ಹೆಚ್ಚಾಗಿ ಸ್ವಿಚ್ಚಿನ ತೂತುಗಳೆಲ್ಲ ತುಂಬಿಹೋದವು. ನಾನು ಗೇಟ್‌ವೇ ಸ್ವಿಚ್ ಎಂಬ ಸಣ್ಣ ಪೆಟ್ಟಿಗೆ ಬೇಕೆಂದೆ.

"ಅದೇನ್ ಮಾಡ್ತೈತಿ?" ಎಂದರು ಸಾಹುಕಾರರು.

"ತೋರಣಗಲ್ಲಿನ ಫ್ಯಾಕ್ಟರಿಗೆ ಎಲ್ರೂ ಒಂದೊಂದು ಬೈಕಿನ್ಯಾಗ ಹೋದ್ರ ಗೇಟ್ ಜಾಮ್ ಆಗ್ತೈತ್ರಿ. ಒಂದ ಬಸ್ಸಿನ್ಯಾಗ ಕಳಿಸಿದ್ರ ಆ ತ್ರಾಸಿಲ್ಲ. ಅವರವರ ಪಾಸು ಅವರವರ ಹತ್ರನ ಇರ್ತೈತಿ. ಇದೂ ಹಂಗ."

ಪೆಟ್ಟಿಗೆ ಬಂತು. ಸರ್ವರುಗಳೆಲ್ಲ ಗಿಡ್ಡ ವೈರಿನಲ್ಲಿ ಅದಕ್ಕೆ ಸೇರಿದವು; ಅಲ್ಲಿಂದ ದೊಡ್ಡ ಸ್ವಿಚ್ಚಿಗೆ ಎರಡೇ ವೈರು. ಉಳಿದ ಉದ್ದ ವೈರುಗಳನ್ನು ಸುತ್ತಿ ಮೂಲೆಗಿಟ್ಟೆ. ಅದನ್ನು ನೋಡುತ್ತ ನಿಂತೇ ಒಂದು ಚಹಾ ಕುಡಿದೆ.

ಬಂದವರಿಗೆಲ್ಲ ಆ ಕೋಣೆ ತೋರಿಸುವುದು ಸಾಹುಕಾರರ ಅಭ್ಯಾಸ. ಆ ವಾರ ಕಂಪ್ಲಿಯ ಅಕ್ಕಿ ಗಿರಣಿಯ ಬಸಣ್ಣನವರು ಬಂದು ಯಂತ್ರದ ಹಿಂದೆ ಇಣುಕಿದರು. "ಇಷ್ಟ ಏನ್ರಿ? ನಮ್ಮನಿ ಟಿವಿಗೆ ಇದಕ್ಕಿಂತ ಜಾಸ್ತಿ ವೈರ್ ಅದಾವು."

ಸಾಹುಕಾರರ ಮುಖ ಸಣ್ಣದಾಯಿತು. ಮರುದಿನ ನನ್ನನ್ನು ಕರೆಸಿದರು. "ತಗದಿರೋ ವೈರ್ ಎಲ್ಲಾ ವಾಪಸ್ ಹಾಕ್ರಿ."

"ಅವಕ್ಕ ಕೆಲಸ ಇಲ್ರಿ."

"ಕೆಲಸ ಇಲ್ಲದವ್ರು ಆಫೀಸಿನ್ಯಾಗ ಭಾಳ ಮಂದಿ ಅದಾರ. ವೈರ್ ಇದ್ರ ಏನಾತು?"

ಹಾಗೆನ್ನುವಾಗ ಅವರು ನನ್ನನ್ನೇ ನೋಡುತ್ತಿದ್ದರು. ತುದಿಗಳನ್ನು ಯಾವುದಕ್ಕೂ ಜೋಡಿಸದೆ ಒಳಗಡೆ ಕಾಣದಂತೆ ಸಿಕ್ಕಿಸಿ ಎಲ್ಲವನ್ನೂ ಇಳಿಬಿಟ್ಟೆ. ಯಂತ್ರಕ್ಕೆ ಜಟೆ ಬಂತು.

ಒಂದು ಮಧ್ಯಾಹ್ನ ಆ ಜಟೆ ಅತಿಥಿಯೊಬ್ಬರ ಕಾಲಿಗೆ ಸಿಕ್ಕಿಕೊಂಡಿತು; ಅವರು ಜಗ್ಗಿದರು. ಕೆಲಸದ ಎರಡು ವೈರುಗಳೂ ಕಿತ್ತುಬಂದವು. ತೂಕ ನಿಂತಿತು. ಲಾರಿಗಳ ಸಾಲು ಬಂಡ್ರಿ ಊರು ಮುಟ್ಟಿದೆಯೆಂದು ಫೋನು ಬಂತು. ಎಲ್ಲವೂ ಒಂದೇ ಬಣ್ಣ. ನಿಜವಾದವು ಯಾವುವೆಂದು ನನಗೇ ಗೊತ್ತಾಗಲಿಲ್ಲ. ನೆಲದ ಮೇಲೆ ಕೂತು, ಕೊರಳಿಗೆ ವೈರು ಸುತ್ತಿಕೊಂಡು, ಒಂದೊಂದನ್ನೇ ಚುಚ್ಚಿ ನೋಡುತ್ತಿದ್ದಾಗ ಸಾಹುಕಾರರು ಮತ್ತೆ ಬಸಣ್ಣನವರನ್ನು ಕರೆತಂದರು. ಅಷ್ಟರಲ್ಲಿ ಹಸಿರು ದೀಪ ಹತ್ತಿತು.

"ಇವರನ್ನ ಬಿಟ್ರ ಇದು ಯಾರಿಗೂ ತಿಳ್ಯಂಗಿಲ್ಲ," ಎಂದರು ಸಾಹುಕಾರರು ಹೆಮ್ಮೆಯಿಂದ. ಅಷ್ಟು ವರ್ಷ ನೆಟ್ಟಗೆ ಕೆಲಸ ಮಾಡಿದಾಗ ಅವರಿಗೆ ನನ್ನ ಹೆಸರೂ ನೆನಪಿರುತ್ತಿರಲಿಲ್ಲ.

ಬಸಣ್ಣನವರು ನನ್ನನ್ನು ಪಕ್ಕಕ್ಕೆ ಕರೆದರು. "ನಮ್ಮ ಗಿರಣಿಗೂ ಜಲ್ದಿ ಬಂದು ಹಾಕಿಕೊಡ್ರಿ. ಇದಕ್ಕಿಂತ ಜಾಸ್ತಿ ಕಾಣಬೇಕು."

"ಸರ್ವರ್ ಎಷ್ಟು ಅದಾವ್ರಿ?"

"ಅವನ್ನ ಆಮ್ಯಾಲ ತರೋಣ. ಮೊದ್ಲು ವೈರ್ ಹಾಕ್ರಿ."

ಹೋಗಿ ಹಾಕಿದೆ. ನನ್ನ ಕೆಲಸಗಳಲ್ಲಿ ಒಮ್ಮೆಯೂ ಕೆಡದೆ ಉಳಿದದ್ದು ಅದೊಂದೇ.