ನಕ್ಷತ್ರಗಳ ಡಿಕ್ಕಿಗೆ ಕ್ವಾರ್ಟರ್ಸಿನ ಕರೆಂಟು ಹೋದದ್ದು

ಬೆಳಿಗ್ಗೆ ಹತ್ತೂಕಾಲಿಗೆ ಪರದೆಯ ಮೇಲಿನ ಗೆರೆ ಇಳಿಯಬೇಕಿತ್ತು, ಏರಿತು. ನಮ್ಮ ಸಂಶೋಧಕರು ಕುರ್ಚಿಯಿಂದ ಎದ್ದೇಬಿಟ್ಟರು.

ಪಾಪ, ಎಂಟು ವರ್ಷ ಕಾದಿದ್ದರು. ಆಕಾಶದಲ್ಲಿ ಎರಡು ದೈತ್ಯ ನಕ್ಷತ್ರಗಳು ಒಂದನ್ನೊಂದು ಸುತ್ತುತ್ತ ಬಿರುಗಾಳಿ ಉಗುಳುತ್ತಿವೆ. ಆ ಗಾಳಿಗಳು ಡಿಕ್ಕಿ ಹೊಡೆಯುವ ಕಡೆಯಿಂದ ರೇಡಿಯೋ ಅಲೆ ಹೊರಡುತ್ತದೆ. ಎಂಟು ವರ್ಷಕ್ಕೊಮ್ಮೆ ಅವು ತೀರ ಹತ್ತಿರ ಬಂದಾಗ ಆ ಅಲೆ ಕುಗ್ಗುತ್ತದೆ ಎಂದು ಇವರು ಊರಿಗೆಲ್ಲ ಸಾರಿದ್ದರು. ಇವತ್ತೇ ಆ ದಿನ. ಸಂಜೆ ನಾಲ್ಕರವರೆಗೆ ರೇಡಿಯೋ ಟೆಲಿಸ್ಕೋಪು ಇವರದ್ದು. ಇವತ್ತು ಹೆಸರು ಬಂದರೆ ಬಂತು. ಮುಂದಿನ ಸಲಕ್ಕೆ ಇವರು ನಿವೃತ್ತರು.

"ಹತ್ತಿರದಲ್ಲೇ ಯಾರೋ ಏನೋ ಆನ್ ಮಾಡಿದಾರೆ! ಅದರ ರೇಡಿಯೋ ಗಲಾಟೆ ನಕ್ಷತ್ರದ ಅಲೆಗೆ ಸೇರ್ಕೊಂಡಿದೆ!" ಎಂದು ಕೂಗಿದರು.

ಟೆಲಿಸ್ಕೋಪನ್ನು ಇಪ್ಪತ್ತು ವರ್ಷದಿಂದ ನಡೆಸುತ್ತಿದ್ದ ಆಪರೇಟರ್ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. "ನಕ್ಷತ್ರದ್ದೇ ಇರಬಹುದಲ್ವಾ ಸಾರ್?" ಎಂದಳು.

"ಇಳಿಯುತ್ತೆ ಅಂತ ನಾನು ಬರೆದಿದೀನಿ, ಅಕ್ಕಾ!"

ನಕ್ಷತ್ರಗಳು ತಮ್ಮ ಲೇಖನ ಓದಿರಲಿಕ್ಕಿಲ್ಲ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಓಡಿದರು.

ಮೊದಲು ಕ್ಯಾಂಟೀನಿನ ಮೈಕ್ರೋವೇವ್. "ಅದು ಕೆಟ್ಟು ಆರು ತಿಂಗಳಾಯ್ತು, ಈರುಳ್ಳಿ ಇಟ್ಟಿದೀವಿ," ಎಂದ ಅಡುಗೆಯವ. ಆಮೇಲೆ ಕ್ವಾರ್ಟರ್ಸಿನ ದಂತವೈದ್ಯರು. ಅರ್ಧ ಕೊರೆದ ಹಲ್ಲಿನಲ್ಲೇ ಯಂತ್ರ ನಿಲ್ಲಿಸಿದ್ದಕ್ಕೆ ರೋಗಿ ಬಾಯಿ ತೆರೆದುಕೊಂಡೇ ಬೈದ. ಕೊನೆಗೆ ತಮ್ಮ ಮನೆಗೇ ನುಗ್ಗಿದರು.

"ನಾನು ಇಸ್ತ್ರಿಪೆಟ್ಟಿಗೆ ಮುಟ್ಟಿಲ್ಲ," ಎಂದಳು ಹೆಂಡತಿ. "ನೀವು ಹಾಕ್ಕೊಂಡಿರೋ ಅಂಗಿ ನೋಡಿದ್ರೆ ಗೊತ್ತಾಗಲ್ವಾ?"

ಹೋದಲ್ಲೆಲ್ಲ ಅಕ್ಕನಿಗೆ ಫೋನು. "ಇಳೀತಾ?"

"ಇನ್ನೂ ಏರ್ತಿದೆ ಸಾರ್."

ಹನ್ನೊಂದೂವರೆಗೆ ಟೆಲಿಸ್ಕೋಪಿನ ಲೈನೊಂದು ಬಿಟ್ಟು ಇಡೀ ಕ್ವಾರ್ಟರ್ಸಿನ, ಕಚೇರಿಯ ಕರೆಂಟು ತೆಗೆಸಿದರು. ಸಂಸ್ಥೆಯ ನಿರ್ದೇಶಕರು ಲಿಫ್ಟಿನೊಳಗೆ ಸಿಕ್ಕಿಕೊಂಡರು. ಗೆರೆ ಮಾತ್ರ ಜಗ್ಗಲಿಲ್ಲ.

ಸೋತು ಸುಣ್ಣವಾದ ಸಂಶೋಧಕರು ಲಾಗ್ ಪುಸ್ತಕದಲ್ಲಿ ದಪ್ಪಗೆ ಬರೆದರು: 'ಈ ದಾಖಲೆ ಬರೀ ಕಸ. ನನಗೂ ಇದಕ್ಕೂ ಸಂಬಂಧವಿಲ್ಲ. ನಾಲ್ಕರವರೆಗಿನ ನನ್ನ ಸಮಯವನ್ನೆಲ್ಲ ಬಿಟ್ಟುಕೊಟ್ಟಿದ್ದೇನೆ.' ಸಹಿ ಹಾಕಿ, ಮನೆಗೆ ಹೋಗಿ ಮುಸುಕೆಳೆದು ಮಲಗಿದರು.

ಐದು ಗಂಟೆಗೆ ನಿರ್ದೇಶಕರ ಕರೆ ಬಂತು. ಲಿಫ್ಟಿನ ಬೈಗುಳಕ್ಕೆ ಸಿದ್ಧರಾಗಿ ಹೋದರೆ ನಿರ್ದೇಶಕರು ನಗುತ್ತಿದ್ದರು. ಪಕ್ಕದಲ್ಲಿ ಅಕ್ಕ ಕಾಗದ ಹಿಡಿದು ಕೂತಿದ್ದಳು.

"ಅಕ್ಕ ಟೆಲಿಸ್ಕೋಪನ್ನ ನಕ್ಷತ್ರದಿಂದ ಆಚೆ ತಿರುಗಿಸಿ ನೋಡಿದ್ರಂತೆ. ಗೆರೆ ದಬಕ್ಕಂತ ಬಿತ್ತು. ವಾಪಸ್ ತಿರುಗಿಸಿದ್ರೆ ಮತ್ತೆ ಏರಿತು. ಗಲಾಟೆ ನಮ್ಮದಲ್ಲ ಕಣ್ರೀ, ನಕ್ಷತ್ರದ್ದೇ! ಇಂಥದ್ದನ್ನ ಯಾರೂ ನೋಡಿಲ್ಲ!"

ಸಂಶೋಧಕರಿಗೆ ಸ್ವರ್ಗಕ್ಕೆ ಮೂರೇ ಗೇಣು. "ಇವತ್ತೇ ಲೇಖನ ಬರೀತೀನಿ ಸಾರ್!"

"ಅಕ್ಕ ಬರೀತಿದಾರಲ್ಲ. ಬಿಟ್ಟುಕೊಟ್ಟ ಸಮಯದಲ್ಲಿ ಸಿಕ್ಕಿದ್ದು ಡ್ಯೂಟಿ ಮೇಲಿದ್ದವರದ್ದು ಅಂತ ನಿಯಮ ಇದೆ. ನೀವು ಸಂಬಂಧವಿಲ್ಲ ಅಂತ ಸಹಿ ಬೇರೆ ಹಾಕಿದೀರಿ."

ಸಂಶೋಧಕರ ಕಣ್ಣಲ್ಲಿ ನೀರೇ ಬಂತು. ಅಕ್ಕನಿಗೆ ಅಯ್ಯೋ ಅನ್ನಿಸಿತು.

"ನಿಮ್ಮ ಹೆಸರು ಬಿಡ್ತೀನಾ ಸಾರ್? ಕೊನೇಲಿ ಕೃತಜ್ಞತೆ ಹೇಳಿದೀನಿ."

"ಏನಂತ?"

ಅಕ್ಕ ಕಾಗದ ನೋಡಿ ಓದಿದಳು: "ವೀಕ್ಷಣೆಯ ವೇಳೆ ನೆರೆಹೊರೆಯವರ ಕರೆಂಟು ತೆಗೆಸಿ ಸಹಕರಿಸಿದ್ದಕ್ಕೆ."