ಸತು, ಹರಳುಪ್ಪು ಮತ್ತು ಅತ್ತಿಗೆಯ ಸೌಟು

ಆ ದಿನ ಸಾರಿಗೆ ಉಪ್ಪು ಸರಿಯಾಗಿತ್ತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಸರಿಯಾಗಿತ್ತೆಂದೇ ನೆನಪು. ಆದರೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ಓದಿ ನನಗಾದ ಲಾಭ ಇಷ್ಟೇ: ಮಿದುಳು ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತದೆಂದು ತಿಳಿಯಿತು.

ಶೆಟಗೇರಿಯ ನಮ್ಮ ಮನೆಯಲ್ಲಿ ಅಡುಗೆಯೆಂದರೆ ಅತ್ತಿಗೆ. ಮಳೆಗಾಲದಲ್ಲಿ ಜ್ವರವೊಂದು ಬಂದುಹೋದ ಮೇಲೆ ಅವಳ ನಾಲಿಗೆಯ ರುಚಿಯೇ ಸತ್ತಿತು. ಸಾರಿನ ರುಚಿ ನೋಡುವಳು, ಏನೂ ತಿಳಿಯದು, ಇನ್ನೊಂದು ಹಿಡಿ ಹರಳುಪ್ಪು ಹಾಕುವಳು. ಅಣ್ಣ ಚೊಂಬುಗಟ್ಟಲೆ ನೀರು ಕುಡಿದು ಏಳುತ್ತಿದ್ದ, ಒಂದು ಮಾತಿಲ್ಲ. ಅವಳನ್ನು ನೋಯಿಸಿದ್ದು ಅದೇ.

"ಹಿರಿಯರ ಎಡೆಯ ಸಾರೂ ಕೆಟ್ರೆ, ಸೌಟು ಸುಮತಿ ಕೈಗೆ ಕೊಟ್ಟುಬಿಡ್ತೆ" ಎಂದಳು.

ಸುಮತಿ ನನ್ನ ಹೆಂಡತಿ. "ಅಕ್ಕ, ನನ್ನ ಸಾರು ಉಂಡ್ರೆ ಹಿರಿಯರು ಮುಂದಿನ ವರ್ಷ ಈ ಬದಿಗೇ ಬರೂದಿಲ್ಲ" ಎಂದಳು. ಅತ್ತಿಗೆ ನಗಲಿಲ್ಲ.

ವೈದ್ಯರು ಬರೆದ ಸತುವಿನ ಮಾತ್ರೆಯನ್ನು ಕಾರವಾರದಿಂದ ತಂದೆ, ಜೊತೆಗೊಂದು ಉಪನ್ಯಾಸವನ್ನೂ. ಉಪ್ಪಿನ ಸೋಡಿಯಂ ಅಯಾನು ನಾಲಿಗೆಯ ಕೋಶದೊಳಗೆ ಹೊಕ್ಕಾಗಲೇ ಮಿದುಳಿಗೆ ಸುದ್ದಿ ಹೊರಡುವುದು. ಜೊಲ್ಲಿನಲ್ಲಿ ರುಚಿಮೊಗ್ಗುಗಳನ್ನು ಪೋಷಿಸುವ ಕಿಣ್ವವೊಂದಿದೆ, ಅದರ ಒಡಲಲ್ಲಿ ಸತುವಿನ ಅಯಾನು ಕೂತಿದ್ದರೆ ಮಾತ್ರ ಅದು ಕೆಲಸ ಮಾಡುವುದು.

"ತಮಾ, ಯಾರು ಎಲ್ಲಿ ಬೇಕಾದ್ರೂ ಕೂರಲಿ. ರುಚಿ ಯಾವಾಗ ಬತ್ತದೆ?"

"ಸತುವಿನ ಕೊರತೆಯಿಂದ ಹೋಗಿದ್ರೆ ಬರ್ತದೆ ಅತ್ತಿಗೆ. ಬೇರೆ ಕಾರಣ ಇದ್ರೆ..."

"ಗೊತ್ತಿಲ್ಲ ಅನ್ನು. ಅಷ್ಟುದ್ದ ಎಂತಕ್ಕೆ?"

ತೀರಿಹೋದ ಹಿರಿಯರಿಗೆ ಎಡೆ ಇಡುವ ದಿನ ಬಂತು, ರುಚಿ ಬಂದಿರಲಿಲ್ಲ. ನಮ್ಮಲ್ಲಿ ಹಿರಿಯರಿಗೆ ಬಡಿಸುವ ಮೊದಲು ಅಡುಗೆಯನ್ನು ಯಾರೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಅತ್ತಿಗೆ ಕೋಳಿ ಸಾರಿಗೆ ಕೈಯಂದಾಜಿನಲ್ಲಿ ಒಮ್ಮೆ ಉಪ್ಪು ಹಾಕಿದಳು. ಅಭ್ಯಾಸಬಲದಿಂದ ಸೌಟನ್ನು ತುಟಿಯವರೆಗೆ ಎತ್ತಿದವಳು, ಎಚ್ಚೆತ್ತು ಇಳಿಸಿದಳು. ಉಪ್ಪಿನ ಮರಿಗೆಯ ಕಡೆ ಮತ್ತೆ ಕೈ ಹೋಗಲಿಲ್ಲ. ಆ ಹೊತ್ತು ಅಡುಗೆಮನೆಯಲ್ಲಿ ನಾಲಿಗೆಗೆ ಕೆಲಸವಿರಲಿಲ್ಲ. ಸತುವಿಗೂ ಇರಲಿಲ್ಲ, ನನಗಂತೂ ಎಂದೂ ಇರಲಿಲ್ಲ.

ಪಂಕ್ತಿಯಲ್ಲಿ ಅತ್ತಿಗೆ ಬಡಿಸುತ್ತ ಎಲ್ಲರ ಮುಖ ನೋಡುತ್ತಿದ್ದಳು. ಅಣ್ಣ ನೀರು ಕೇಳಲಿಲ್ಲವೆಂದು ನೆನಪು. "ಇನ್ನೊಂಚೂರು ಸಾರು ಹಾಕೇ" ಎಂದನೆಂದೂ ನೆನಪು. ಆದರೆ ಪ್ರೀತಿಯಿದ್ದವರ ನಾಲಿಗೆಯನ್ನು ಸಾಕ್ಷಿಗೆ ಕರೆಯಬಾರದು, ನನ್ನದನ್ನೂ. ಮರ್ಯಾದೆಗೆ ಉಂಡಂತೆ ಮಾಡಿ ಎಲೆಯಲ್ಲೇ ಬಿಟ್ಟವರಿರಬಹುದಲ್ಲ! ಕೈತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ಯಾರೂ ಇಲ್ಲದ್ದನ್ನು ನೋಡಿ, ಮಡಚಿ ಎಸೆದಿದ್ದ ಎಂಜಲೆಲೆಗಳನ್ನು ಒಂದೊಂದಾಗಿ ಬಿಡಿಸಿದೆ. ಎಲುಬು ಬಿಟ್ಟು ಬೇರೇನೂ ಇರಲಿಲ್ಲ.