ಸೊಂಟಕ್ಕೊಂದು ಪಿಸ್ತೂಲು

ನಮ್ಮ ಮನೆಗೆ ಹೊಸ ಸಾಮಾನು ಏನೇ ಬಂದರೂ ಅದರ ಹಿಂದೆ ನಾಲ್ಕು ಪ್ರಸಂಗಗಳು ಬಾಲದ ಹಾಗೆ ಬಂದೇ ಬರುತ್ತವೆ. ಮಿಕ್ಸಿ ತಂದ ದಿನ ಇಡೀ ಬೀದಿಯ ಕರೆಂಟು ಹೋಗಿತ್ತು. ಇನ್ನು ಪಿಸ್ತೂಲು ತಂದರೆ ಕೇಳಬೇಕೆ?

ನನ್ನದು ತಿ. ನರಸೀಪುರದಲ್ಲಿ ಭತ್ತದ ವ್ಯಾಪಾರ. ಸುಗ್ಗಿಯಲ್ಲಿ ಮೂಗೂರು, ತಲಕಾಡು ಕಡೆಯ ಹಳ್ಳಿಗಳಿಗೆ ಹೋಗಿ ಭತ್ತ ತೂಗಿಸಿ, ಕಣದಲ್ಲೇ ರೈತರ ಕೈಗೆ ದುಡ್ಡು ಕೊಟ್ಟು ಬರುತ್ತಿದ್ದೆ. ಒಂದು ವರ್ಷ ನನ್ನ ಜೊತೆಯ ವ್ಯಾಪಾರಿಯೊಬ್ಬರನ್ನು ಕಳ್ಳರು ದಾರಿಯಲ್ಲಿ ಅಡ್ಡಗಟ್ಟಿ, ಕೈ ಮುರಿದು, ಹಣದ ಚೀಲ ಕಿತ್ತುಕೊಂಡು ಹೋದರು. ಅವತ್ತಿನಿಂದ ನಾನು ಮನೆಗೆ ಬರುವ ತನಕ ನನ್ನ ಹೆಂಡತಿ ಅನ್ನ ಮುಟ್ಟುತ್ತಿರಲಿಲ್ಲ. ಅದನ್ನು ನೋಡಲಾರದೆ ಪಿಸ್ತೂಲಿನ ಲೈಸೆನ್ಸಿಗೆ ಅರ್ಜಿ ಹಾಕಿದೆ.

ಗುಣ ನಡತೆ

ಅರ್ಜಿ ಹಾಕಿದವನು ಎಂಥವನು ಅಂತ ವಿಚಾರಿಸಲು ಪೊಲೀಸಿನವರೊಬ್ಬರು ಬಂದರು. ನನ್ನನ್ನು ಕೇಳಿದ್ದಾಯಿತು. ಆಮೇಲೆ ಎದುರುಮನೆ ಅಜ್ಜಿಯನ್ನು ಕರೆದರು. ಅಜ್ಜಿಗೆ ಎರಡು ಹಸು, ಬೀದಿಗೆಲ್ಲ ಆಕೆಯದೇ ಹಾಲು.

"ಅಜ್ಜೀ, ಇವ್ರು ಯಾರ ಮೇಲಾದ್ರೂ ಕೈ ಮಾಡವ್ರಾ? ಸಿಟ್ಟು ಗಿಟ್ಟು ಐತಾ?"

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿತು. "ಇವ್ನಾ? ಜಿರಳೆ ಕಂಡ್ರೆ ಮಂಚ ಅತ್ತಿ ಎಂಡ್ತೀನ ಕೂಗ್ತಾನೆ ಕಣಪ್ಪ. ಇವ್ನಿಗೆ ಪಿಸ್ತೂಲ್ ಕೊಟ್ರೆ ಜಿರಳೆಗೂ ಬಯವಿಲ್ಲ."

ಪೊಲೀಸಿನವರು ನಗು ತಡೆದುಕೊಂಡು ಬರೆದುಕೊಂಡರು. ಕೊನೆಗೂ ಲೈಸೆನ್ಸು ಸಿಕ್ಕಿತು. ಅಜ್ಜಿಗೆ ಸಿಹಿ ಕೊಡಲು ಹೋದರೆ, "ನಾ ಏಳಿದ್ಕೇ ಕೊಟ್ಟವ್ರೆ" ಅಂದಿತು. ಇರಬಹುದು.

ಕಮ್ಮಿ ರೇಟಿನದು ತೋರಿಸಿ

ಪಿಸ್ತೂಲು ಕೊಳ್ಳೋಣವೆಂದರೆ ಅದೇ ಹೊತ್ತಿಗೆ ಮಗಳ ಕಾಲೇಜಿನ ಫೀಸು, ಅಮ್ಮನ ಕಣ್ಣಿನ ಆಪರೇಷನ್ನು, ಸೋರುವ ಮಾಡಿನ ರಿಪೇರಿ ಎಲ್ಲ ಸಾಲಾಗಿ ನಿಂತಿದ್ದವು. ಬೇಡ, ಬಿಡೋಣ ಎಂದೆ. ಹೆಂಡತಿ ಒಳಗೆ ಹೋಗಿ, ವಾಷಿಂಗ್ ಮಿಷನ್ನಿಗೆಂದು ಇಟ್ಟಿದ್ದ ಚೀಟಿ ದುಡ್ಡು ತಂದು ನನ್ನ ಮುಂದಿಟ್ಟಳು. "ಬಟ್ಟೆ ಕೈಯಲ್ಲೇ ಒಗೀತೀನಿ. ನೀವು ಸಂಜೆ ಸರಿಯಾಗಿ ಮನೆಗೆ ಬಂದ್ರೆ ಸಾಕು" ಎಂದಳು.

ಮೈಸೂರಿನ ಬಂದೂಕಿನ ಅಂಗಡಿಗೆ ಇಬ್ಬರೂ ಹೋದೆವು. ನನಗೆ ಎಲ್ಲ ಸೌಲಭ್ಯವೂ ಇರುವುದೇ ಬೇಕು, ರೇಟು ಮಾತ್ರ ಕಮ್ಮಿ ಇರಬೇಕು. ಅಂಗಡಿಯವರು ಒಂದನ್ನು ಎತ್ತಿ ತೋರಿಸಿದರು. "ಇದಕ್ಕೆ ಮೂರು ಥರ ಸೇಫ್ಟಿ ಸಾರ್. ಕೈ ತಪ್ಪಿ ಬಿದ್ರೂ ಹಾರಲ್ಲ, ಮಕ್ಕಳು ಮುಟ್ಟಿದ್ರೂ ಹಾರಲ್ಲ. ಕೆಳಗೆ ಟಾರ್ಚ್ ಕೂಡ ಹಾಕ್ಕೋಬಹುದು."

ಹೆಂಡತಿ ಗಮನವಿಟ್ಟು ಕೇಳಿದಳು. "ಹಾರದೆ ಇರೋಕೆ ಇಷ್ಟು ದುಡ್ಡಾ? ನಮ್ಮನೆಯವರ ಕೈಲಿ ಯಾವುದಿದ್ರೂ ಹಾರಲ್ಲ. ಕಮ್ಮಿದು ತೋರಿಸಿ."

ಆಗ ಅವರು ಸೆಕೆಂಡ್ ಹ್ಯಾಂಡಿನದೊಂದು ತೆಗೆದರು. ಸೌಲಭ್ಯಗಳೆಲ್ಲ ಅವೇ, ರೇಟು ಅರ್ಧಕ್ಕಿಂತ ಕಮ್ಮಿ. "ಹಳೇ ಓನರ್ ಒಂದು ಸಲವೂ ಹಾರಿಸಿಲ್ಲ ಮೇಡಂ."

"ಹಂಗಾದ್ರೆ ಕೆಲಸ ಮಾಡುತ್ತೆ ಅಂತ ಅವರಿಗೆ ಹೆಂಗೆ ಗೊತ್ತು?"

ಅಂಗಡಿಯವರು ರೇಟನ್ನು ಇನ್ನಷ್ಟು ಇಳಿಸಿದರು. ಬರುವಾಗ ಅವಳು ಅಂಗಡಿಯದೊಂದು ಕ್ಯಾಲೆಂಡರನ್ನೂ ಕೇಳಿ ಇಸಿದುಕೊಂಡಳು.

ಮೊದಲ ಸುಗ್ಗಿ

ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿ, ಹಣದ ಚೀಲ ಹಿಡಿದು ಮೂಗೂರಿಗೆ ಹೋದೆ. ದಾರಿಯುದ್ದಕ್ಕೂ ಎದೆ ಸೆಟೆಸಿಕೊಂಡೇ ಗಾಡಿ ಓಡಿಸಿದೆ. ಭತ್ತ ತೂಗಿ ಆಯಿತು. ಚೀಲ ಬಿಚ್ಚಿದೆ. ರೈತ ಹಿಂದಕ್ಕೆ ಸರಿದ.

"ಕ್ಯಾಶ್ ಯಾಕ್ ತಂದ್ರಿ ಸಾ? ಈ ಕಾಲ್ದಾಗೆ ಯಾರ್ ಇಟ್ಕತಾರೆ? ಫೋನ್‌ಗೇ ಆಕ್ಬುಡಿ."

ಲೈಸೆನ್ಸು ಬರುವಷ್ಟರಲ್ಲಿ ಊರೆಲ್ಲ ಫೋನಿಗೆ ತಿರುಗಿತ್ತು. ಆ ದಿನದಿಂದ ನನ್ನ ಪಿಸ್ತೂಲು ಕಾಯುತ್ತಿರುವುದು ನನ್ನ ಊಟದ ಡಬ್ಬಿಯನ್ನು.

ಬೀಗರು

ಮಗಳಿಗೆ ನಂಜನಗೂಡು ತಾಲ್ಲೂಕು ಹೆಮ್ಮರಗಾಲದ ಕಡೆಯಿಂದ ಸಂಬಂಧ ಬಂತು. ಹುಡುಗ ಒಳ್ಳೆಯವನು, ಮಗಳಿಗೂ ಒಪ್ಪಿಗೆ. ಆದರೆ ಹುಡುಗನ ತಂದೆ ಮಾತಿನಲ್ಲಿ ಬಿಗಿ, ಕೊಡುವ ಬಿಡುವ ವಿಷಯದಲ್ಲಿ ಪಟ್ಟು ಹಿಡಿಯುತ್ತಾರೆ ಅಂತ ಮಧ್ಯವರ್ತಿ ಮೊದಲೇ ಹೆದರಿಸಿದ್ದ. ನಾವೆಲ್ಲ ಮನೆಗೆ ಬೀಗ ಹಾಕಿಕೊಂಡು ಅವರ ಮನೆಗೆ ಮಾತುಕತೆಗೆ ಹೊರಟಿದ್ದರಿಂದ ಪಿಸ್ತೂಲನ್ನು ಒಂಟಿಯಾಗಿ ಬಿಡಲು ಮನಸ್ಸಾಗದೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ.

ಉಪ್ಪಿಟ್ಟು ಕೊಟ್ಟರು. ಹುಡುಗನ ತಂದೆ ಕೆಮ್ಮಿ, "ಈಗ ಮಾತುಕತೆ ಅಂತ ಬಂದ್ರೆ..." ಎಂದು ಶುರು ಮಾಡಿದರು. ಅಷ್ಟರಲ್ಲಿ ನಾನು ಬಾಳೆಹಣ್ಣಿಗೆಂದು ಬಗ್ಗಿದೆ. ಶರಟು ಮೇಲೆ ಸರಿಯಿತು.

ಹುಡುಗನ ತಂದೆ ಒಂದು ಲೋಟ ನೀರು ಕುಡಿದರು. ಆಮೇಲೆ ಎದ್ದು ನಿಂತು ಕೈ ಮುಗಿದು, "ನಮ್ಗೆ ಏನೂ ಬ್ಯಾಡ ಬೀಗರೇ. ಮದ್ವೆ ಖರ್ಚೂ ನಮ್ದೇ. ನೀವ್ ನಿದಾನಕ್ಕೆ ಅಣ್ ತಿನ್ನಿ" ಎಂದರು.

ನನಗೆ ಕಾರಣ ಗೊತ್ತಾದದ್ದು ಮದುವೆಯಾದ ಮೇಲೆ, ಅಳಿಯ ಹೇಳಿದಾಗ. ಮಗಳು ಅಲ್ಲಿ ಸುಖವಾಗಿದ್ದಾಳೆ. ಬೀಗರು ಈಗ ನನಗೆ ಅಣ್ಣನ ಸಮಾನ. ಆದರೂ ಮನೆಗೆ ಹೋದಾಗಲೆಲ್ಲ ಬಾಳೆಹಣ್ಣನ್ನು ಸುಲಿದು ನನ್ನ ಕೈಗೇ ಕೊಡುತ್ತಾರೆ.

ಚಿರತೆ

ಹೋದ ವರ್ಷ ನಮ್ಮ ಸುತ್ತಮುತ್ತ ಚಿರತೆಯ ಭಯ ಹೆಚ್ಚಾಯಿತು. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಬೀದಿಯವರೆಲ್ಲ ನಮ್ಮ ಬಾಗಿಲಿಗೆ ಬಂದರು.

"ಅಣ್ಣಾ, ಅಜ್ಜಿ ಕೊಟ್ಗೆ ಇಂದ್ಗಡೆ ಚಿರತೆ ಕಣಣ್ಣಾ! ಅಜ್ಜಿ ಒಳ್ಗೇ ಸಿಕ್ಕಾಕ್ಕಂಡದೆ. ಪಿಸ್ತೂಲ್ ತಕ್ಕಂಡು ಬಾ!"

ಫಾರೆಸ್ಟಿನವರಿಗೆ ಫೋನು ಮಾಡಿದೆ. "ಪ್ರಾಣಿಗೆ ಹೊಡೀಬೇಡಿ, ನಾವು ಹೊರಟ್ವಿ" ಎಂದರು. ಅವರು ಬರುವ ತನಕ ಅಜ್ಜಿಯ ಗತಿ? ಗಾಳಿಯಲ್ಲಿ ಒಂದು ಗುಂಡು ಹಾರಿಸಿದರೆ ಓಡಬಹುದು ಎಂದುಕೊಂಡು ಹೊರಟೆ. ನಾನು ಮುಂದೆ, ಊರು ಹಿಂದೆ. ಗೋಡೆ ತಿರುಗಿದರೆ ಹುಲ್ಲಿನ ಮೆದೆಯ ಪಕ್ಕ ಚಿರತೆ ಕೂತಿದೆ, ನನ್ನನ್ನೇ ನೋಡುತ್ತಿದೆ.

ಪಿಸ್ತೂಲನ್ನು ಆಕಾಶಕ್ಕೆ ಎತ್ತಿದೆ. ಯಾವುದೋ ಗುಂಡಿ ಒತ್ತಿದೆ. ಗುಂಡು ಹಾರಲಿಲ್ಲ. ಗುಂಡು ತುಂಬಿದ್ದ ಮ್ಯಾಗಜಿನ್ ಕಳಚಿ, ಸೀದಾ ನನ್ನ ಕಾಲಿನ ಹೆಬ್ಬೆರಳ ಮೇಲೆ ಬಿತ್ತು.

"ಅಯ್ಯಯ್ಯಯ್ಯಪ್ಪೋ!" ಎಂದು ಕಿರುಚಿದೆ. ಅಂಥ ಕೂಗು ನನ್ನೊಳಗಿತ್ತೆಂದು ನನಗೇ ಗೊತ್ತಿರಲಿಲ್ಲ. ಚಿರತೆ ಎಗರಿ ಗೋಡೆ ಹಾರಿ ಗದ್ದೆ ಬಿದ್ದು ಓಡಿತು. ಹಿಂದಿದ್ದ ಊರೂ ಓಡಿತು.

ಕೊಟ್ಟಿಗೆಯ ಬಾಗಿಲು ತೆರೆಯಿತು. ಅಜ್ಜಿ ಹೊರಗೆ ಬಂತು, ಹಸುಗಳೂ ಕ್ಷೇಮ. ಕುಂಟುತ್ತಿದ್ದ ನನ್ನ ಕೈ ಹಿಡಿದುಕೊಂಡು, "ಜೀವ ಉಳಿಸ್ದೆ ಕಣ್ ಮಗಾ, ನಿನ್ ಒಟ್ಟೆ ತಣ್ಗಿರ್ಲಿ" ಎಂದು ಕಣ್ಣೊರೆಸಿಕೊಂಡಿತು. ನನಗೂ ಕಣ್ಣು ತುಂಬಿತು, ಅರ್ಧ ಅಜ್ಜಿಯ ಮಾತಿಗೆ, ಅರ್ಧ ಹೆಬ್ಬೆರಳಿಗೆ. ಯಾರಿಗೂ ಏನೂ ಆಗಲಿಲ್ಲವಲ್ಲ ಎಂದು ದೇವರಿಗೆ ಅಲ್ಲೇ ಕೈ ಮುಗಿದೆ.

ಮಾರನೆಯ ವಾರ ಮತ್ತೆ ಚಿರತೆ ಕಂಡಿತೆಂದು ಸುದ್ದಿ. ಮತ್ತೆ ಬೀದಿಯವರೆಲ್ಲ ಬಂದರು. ನಾನು ಬೀರು ತೆರೆಯಲು ಹೋದೆ. ಅಜ್ಜಿ ಅಡ್ಡ ಬಂತು.

"ಪಿಸ್ತೂಲ್ ಮನೇಲೇ ಇರ್ಲಿ ಮಗಾ. ನೀ ಬಂದು ಒಂದ್ಸಲ ಕೂಗ್ಬುಟ್ಟು ಓಗು."